ಘಟ್ಟ ಹತ್ತದ ಎಂ.ಜಿ.ಬಿ.: ಒಂದು ಪ್ರಕರಣ ಅಧ್ಯಯನ

ಶಿರಸಿಯಿಂದ ಹೊರಟರೆ ಈ ಹಳೆಯ ಎಂ.ಜಿ.ಬಿ. ಕಾರು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರದವರೆಗೂ ತಕರಾರಿಲ್ಲದೆ ಬರುತ್ತಿತ್ತು. ಮರಳುವಾಗ ಮಾತ್ರ ಘಟ್ಟದ ಅರ್ಧಕ್ಕೆ ಬಂದು ಎರಡು ಮೂರು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಬಾನೆಟ್ ತೆರೆದಿಟ್ಟು ಅರ್ಧ ತಾಸು ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಐದು ಮಂದಿ ಅದನ್ನು ನೋಡಿದ್ದರು. ಆರನೆಯವನಾಗಿ ನನ್ನ ಬಳಿಗೆ ಬಂತು.

ನಾನು ಕುಮಟಾ ಕಡೆ ವಾಹನಗಳ ವಿದ್ಯುತ್ ಕೆಲಸ ಮಾಡುವವನು. ಮಾಲೀಕರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಮೊದಲು ದುರಸ್ತಿ ಮಾಡಿದವರ ಗುರುತು ಯಾವುದನ್ನೂ ಹೇಳುವುದಿಲ್ಲ. ಕಾರಿನ ಬಣ್ಣವನ್ನೂ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ಕಾರುಗಳು ಎಷ್ಟಿವೆ ಎಂದು ಬೆರಳಿನಲ್ಲಿ ಎಣಿಸಬಹುದಾದ್ದರಿಂದ ಬಣ್ಣ ಹೇಳಿದರೆ ಮನೆಯನ್ನೇ ತೋರಿಸಿದಂತಾಗುತ್ತದೆ.

ಹಿನ್ನೆಲೆ

ಕಾರು 1965ರ ಎಂ.ಜಿ.ಬಿ., ಇಬ್ಬರೇ ಕೂರುವ ತೆರೆದ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ ಇದು. 1798 ಸಿ.ಸಿ. ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್.ಯು. ಕಾರ್ಬುರೇಟರ್, ಲ್ಯೂಕಸ್ ಕಂಪನಿಯ ವಿದ್ಯುತ್ ವ್ಯವಸ್ಥೆ. ಬ್ಯಾಟರಿ ತುಂಬಿಸಲು ಈಗಿನಂತೆ ಆಲ್ಟರ್ನೇಟರ್ ಇಲ್ಲ, ಹಳೆಯ ಬಗೆಯ ಡೈನಮೋ ಇದೆ. ಸೀಟಿನ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ಹನ್ನೆರಡು ವೋಲ್ಟ್ ಮಾಡಿದ್ದಾರೆ. ಆ ಕಾಲದ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನ ತುದಿಯೇ ಬಾಡಿಯ ಲೋಹಕ್ಕೆ ಸೇರುತ್ತದೆ, ಇದನ್ನೇ ಅರ್ತ್ ಎನ್ನುವುದು. ಈಗಿನ ಕಾರುಗಳಲ್ಲೆಲ್ಲ ಋಣ ತುದಿ ಅರ್ತ್ ಆಗಿರುವುದರಿಂದ ಇಲ್ಲಿ ಕೈ ತಪ್ಪುವುದು ಬಹಳ ಸುಲಭ.

ಇಂಥ ಕಾರು ಎಂದೊಡನೆ ನಮ್ಮ ಕಡೆಯ ಮೆಕ್ಯಾನಿಕ್‌ಗಳು ಹಿಂಜರಿಯುತ್ತಾರೆ. ಹಿಂಜರಿಯಬೇಕಾದ ಕಾರಣವಿಲ್ಲ. ನಮ್ಮ ಹಳೆಯ ಅಂಬಾಸಿಡರ್ ಟ್ಯಾಕ್ಸಿಗಳಲ್ಲಿದ್ದ 1489 ಸಿ.ಸಿ. ಎಂಜಿನ್ ಮತ್ತು ಇದು ಒಂದೇ ವಂಶದವು. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಯವು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು, ಅದರೊಳಗೆ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್, ಕಂಡೆನ್ಸರ್, ರೋಟರ್ ಎಲ್ಲವೂ ನಮಗೆ ಪರಿಚಿತವೇ. ಲ್ಯೂಕಸ್ ತಂತಿಗಳನ್ನು ಹೀಯಾಳಿಸುವುದು ಎಲ್ಲ ಕಡೆ ರೂಢಿ. ನನಗೆ ಅದು ಅನ್ಯಾಯವೆನಿಸುತ್ತದೆ. ಕಂದು ತಂತಿ ಬ್ಯಾಟರಿಯಿಂದ ನೇರ, ಬಿಳಿ ಕೀಲಿ ತಿರುಗಿಸಿದ ಮೇಲೆ, ಹಸಿರು ಫ್ಯೂಸ್ ದಾಟಿದ ಮೇಲೆ, ಕಪ್ಪು ಅರ್ತ್‌ಗೆ. ಅರವತ್ತು ವರ್ಷಗಳ ನಂತರವೂ ಬಣ್ಣ ನೋಡಿ ದಾರಿ ಹಿಡಿಯಬಹುದಾದ ಇಂಥ ವ್ಯವಸ್ಥೆಯನ್ನು ನಾನು ಗೌರವದಿಂದ ಕಾಣುತ್ತೇನೆ.

ಕಾರು ಮೊದಲು ಮಾಲೀಕರ ಹಿರಿಯ ಬಂಧುವೊಬ್ಬರದ್ದಾಗಿತ್ತು. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಯ ಶೆಡ್ಡಿನಲ್ಲಿ ಹಲವು ವರ್ಷ ನಿಂತಿತ್ತು. ಅವರು ತೀರಿಕೊಂಡ ಮೇಲೆ ಶಿರಸಿ ಸಮೀಪದ ತೋಟದ ಮನೆಗೆ ಬಂತು. ಹೊರ ಊರಿನ ಗ್ಯಾರೇಜೊಂದರಲ್ಲಿ ಎಂಜಿನ್ ಬಿಚ್ಚಿ ಕಟ್ಟಿಸಿದರು. ಉಪ್ಪು ಗಾಳಿಯಲ್ಲಿ ಕಳೆದ ಆ ವರ್ಷಗಳು ಈ ಪ್ರಕರಣದ ಎರಡನೆಯ ಭಾಗದಲ್ಲಿ ಮತ್ತೆ ಬರುತ್ತವೆ.

ಐದು ಮಂದಿ ಮಾಡಿದ್ದು

ಏರಿನಲ್ಲಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು ಎಲ್ಲರ ಮೊದಲ ಮಾತು. ಹಾಗಾಗಿ ಕಾರ್ಬುರೇಟರುಗಳನ್ನು ಮೂರು ಸಲ ಬಿಚ್ಚಿ ತೊಳೆದರು. ಪೆಟ್ರೋಲ್ ಪಂಪ್ ಬದಲಾಯಿಸಿದರು. ಟ್ಯಾಂಕ್ ಇಳಿಸಿ ತೊಳೆದರು. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಮೆದುವಾಗುತ್ತದೆಂದು ಪೈಪುಗಳನ್ನು ಹೊಸದಾಗಿ ಹಾಕಿದರು. ಅದು ಸರಿಯಾದ ಕೆಲಸವೇ ಆಗಿತ್ತು, ಆದರೆ ಈ ರೋಗಕ್ಕೆ ಮದ್ದಾಗಿರಲಿಲ್ಲ. ನಾಲ್ಕನೆಯವರು ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಬದಲಾಯಿಸಿದರು. ಐದನೆಯವರು ಪಾಯಿಂಟ್ ತೆಗೆದುಹಾಕಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಕೂರಿಸಬೇಕೆಂದರು. ಮಾಲೀಕರು ಅದನ್ನೂ ತರಿಸಿಟ್ಟಿದ್ದರು.

ಪ್ರತಿ ಸಲವೂ ಕಾರು ಗುಣವಾದಂತೆ ಕಂಡಿತ್ತು. ದುರಸ್ತಿಯಾದ ಮೇಲೆ ಗ್ಯಾರೇಜಿನಿಂದ ಐದಾರು ಕಿಲೋಮೀಟರ್ ಓಡಿಸಿ ನೋಡುತ್ತಿದ್ದರು, ಅದೂ ಬೆಳಗಿನ ತಂಪಿನಲ್ಲಿ. ಅಷ್ಟರಲ್ಲಿ ಅದು ಎಂದೂ ನಿಂತದ್ದೇ ಇಲ್ಲವಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಎಮ್ಮೆ ಪ್ರತಿ ಸಲವೂ ಆರೋಗ್ಯವಾಗಿಯೇ ಇತ್ತು.

ಪ್ರಶ್ನೆ ಕೇಳಿದ ದಿನ

ಮೊದಲ ದಿನ ನಾನು ಸ್ಪಾನರ್ ಮುಟ್ಟಲಿಲ್ಲ. ಮಾಲೀಕರನ್ನು ಕೂರಿಸಿಕೊಂಡು ಎರಡು ತಾಸು ಮಾತನಾಡಿದೆ. ಇಡೀ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟ ಎರಡು ತಾಸುಗಳು ಅವೇ.

ಏರು ಬಿಟ್ಟು ಬೇರೆಲ್ಲಾದರೂ ನಿಂತಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಸ್ವಲ್ಪ ಹೊತ್ತಿನ ಬಳಿಕ ನೆನಪಿಸಿಕೊಂಡರು: ಒಮ್ಮೆ ಅಂಕೋಲಾ ಸಮೀಪ ಹೆದ್ದಾರಿಗೆ ಬಿದ್ದ ಮಣ್ಣು ತೆಗೆಯುತ್ತಿದ್ದಾಗ ವಾಹನಗಳ ಸಾಲಿನಲ್ಲಿ ಮುಕ್ಕಾಲು ತಾಸು ಎಂಜಿನ್ ಚಾಲೂ ಇಟ್ಟು ನಿಲ್ಲಬೇಕಾಯಿತು, ಅಲ್ಲಿಯೂ ನಿಂತಿತ್ತು. ಸಾಲಿನಲ್ಲಿ ನಿಂತು ಬಿಸಿಯಾಯಿತು ಎಂದುಕೊಂಡು ಅದನ್ನು ಯಾರಿಗೂ ಹೇಳಿರಲಿಲ್ಲವಂತೆ. ಆ ಜಾಗ ಸಪಾಟು. ಅಂದರೆ ಏರಿಗೂ ಈ ದೋಷಕ್ಕೂ ನೇರ ಸಂಬಂಧವಿರಲಿಲ್ಲ. ಎರಡನೇ ಗೇರಿನಲ್ಲಿ ನಿಧಾನವಾಗಿ ಘಟ್ಟ ಹತ್ತುವಾಗ ಗಾಳಿ ಕಡಿಮೆ, ಶ್ರಮ ಹೆಚ್ಚು, ಬಾನೆಟ್ಟಿನೊಳಗೆ ಕಾವು ತುಂಬುತ್ತದೆ. ಸಾಲಿನಲ್ಲಿ ನಿಂತಾಗಲೂ ಅದೇ ಕಾವು. ಇಳಿಜಾರಿನಲ್ಲಿ ಆ ಕಾವಿಲ್ಲ.

ನಿಲ್ಲುವ ಮುನ್ನ ಎಂಜಿನ್ ತಿರುಗುವ ವೇಗ ತೋರಿಸುವ ಟ್ಯಾಕೋಮೀಟರಿನ ಮುಳ್ಳು ಏನು ಮಾಡುತ್ತದೆ ಎಂದು ಕೇಳಿದೆ. “ಕುಣಿಯುತ್ತದೆ, ಆಮೇಲೆ ಒಮ್ಮೆಲೇ ಕೆಳಗೆ ಬೀಳುತ್ತದೆ” ಎಂದರು. ಈ ವರ್ಷದ ಎಂ.ಜಿ.ಬಿ.ಯಲ್ಲಿ ಟ್ಯಾಕೋಮೀಟರ್ ಕಾಯಿಲ್‌ಗೆ ಹೋಗುವ ವಿದ್ಯುತ್ತಿನ ಮಿಡಿತಗಳನ್ನು ಎಣಿಸುತ್ತದೆ. ಪೆಟ್ರೋಲ್ ಕೊರತೆಯಿಂದ ಎಂಜಿನ್ ಸೋತರೆ ವೇಗ ಇಳಿದಂತೆ ಮುಳ್ಳೂ ಮೆಲ್ಲಗೆ ಇಳಿಯಬೇಕು. ಗೇರಿನಲ್ಲಿ ಚಕ್ರಗಳು ಎಂಜಿನ್ನನ್ನು ಇನ್ನೂ ತಿರುಗಿಸುತ್ತಿರುವಾಗಲೇ ಮುಳ್ಳು ಕುಣಿದು ಬಿದ್ದರೆ, ತೊಂದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್‌ನ ಒಳಸುತ್ತು, ಅವುಗಳ ತಂತಿ ಈ ನಾಲ್ಕರ ಸುತ್ತ ಇರುತ್ತದೆ. ಹದಿನಾಲ್ಕು ತಿಂಗಳು ಮುಳ್ಳು ಅದನ್ನೇ ಹೇಳುತ್ತಿತ್ತು, ಯಾರೂ ಕೇಳಿರಲಿಲ್ಲ.

ಕೊನೆಯ ಪ್ರಶ್ನೆ: ಮೊದಲ ಸಲ ನಿಲ್ಲುವುದಕ್ಕೆ ಮುಂಚೆ ಕೊನೆಯದಾಗಿ ಬದಲಾಯಿಸಿದ್ದು ಏನು? ಎಂಜಿನ್ ಕಟ್ಟಿಸಿದಾಗ ಡಿಸ್ಟ್ರಿಬ್ಯೂಟರಿಗೆ ಪಾಯಿಂಟ್, ಕಂಡೆನ್ಸರ್, ರೋಟರ್, ಕ್ಯಾಪ್ ಎಲ್ಲ ಹೊಸದು ಹಾಕಿಸಿದ್ದರು. “ಅವು ಹೊಸವು, ಅವುಗಳಲ್ಲಿ ದೋಷವಿರಲಾರದು” ಎಂದು ಐವರೂ ಆ ಪೆಟ್ಟಿಗೆಯನ್ನು ಮುಟ್ಟದೆ ಬಿಟ್ಟಿದ್ದರು.

ಮಾಲೀಕರು ಕಿಟ್ ಕೂರಿಸಿಬಿಡಿ ಎಂದು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಕಿಟ್‌ನ ಪೆಟ್ಟಿಗೆ ತೆರೆದು ನೋಡಿದರೆ ಅದು ಋಣ ಅರ್ತ್‌ನ ಕಾರುಗಳಿಗೆ ಮಾಡಿದ್ದು. ಈ ಕಾರಿಗೆ ಹಾಗೆಯೇ ಜೋಡಿಸಿದ್ದರೆ ಕೀಲಿ ತಿರುಗಿಸಿದ ಗಳಿಗೆಯಲ್ಲೇ ಸುಟ್ಟುಹೋಗುವ ಸಂಭವವಿತ್ತು. ಸರಿಯಾದ ಕಿಟ್ ಇದ್ದಿದ್ದರೂ ಬೇಡವೆನ್ನುತ್ತಿದ್ದೆ. ಏನು ಕೆಟ್ಟಿದೆ ಎಂದು ತಿಳಿಯುವ ಮೊದಲೇ ಪಾಯಿಂಟ್, ಕಂಡೆನ್ಸರ್‌ಗಳನ್ನು ಒಟ್ಟಿಗೆ ಕಿತ್ತು ಎಸೆದರೆ, ಕಾರು ಓಡಿದರೂ ನಮಗೆ ಏನೂ ಗೊತ್ತಾಗಿರುವುದಿಲ್ಲ.

ಘಟ್ಟದಲ್ಲಿ

ದೋಷ ಘಟ್ಟದಲ್ಲಿ ಬರುತ್ತದೆಂದರೆ ಪರೀಕ್ಷೆಯೂ ಘಟ್ಟದಲ್ಲೇ ಆಗಬೇಕು. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆಗೆ ಕುಮಟಾದಿಂದ ಹೊರಟೆವು. ಬೇಕೆಂದೇ ಆ ಹೊತ್ತನ್ನು ಆರಿಸಿಕೊಂಡಿದ್ದೆ, ಕಾರು ನಿಲ್ಲಲೇಬೇಕಿತ್ತು. ಹಿಂದೆ ಎಳೆಯಲು ಹಗ್ಗ ಇಟ್ಟುಕೊಂಡು ಒಂದು ಜೀಪು. ನನ್ನ ಚೀಲದಲ್ಲಿ ಮಲ್ಟಿಮೀಟರ್, ಪ್ಲಾಸ್ಟಿಕ್ ಹಿಡಿಕೆಯ ಇಕ್ಕಳ, ಮೊಸಳೆಬಾಯಿಯ ಕ್ಲಿಪ್ಪುಗಳಿರುವ ಎರಡು ತಂತಿ ಮತ್ತು ಅಂಬಾಸಿಡರಿನ ಒಂದು ಹಳೆಯ ಕಂಡೆನ್ಸರ್.

ಕತಗಾಲ ದಾಟಿ ಏರು ಶುರುವಾಯಿತು. ತಿರುವುಗಳಲ್ಲಿ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡೆವು, ಅದು ನಮ್ಮ ಅದೃಷ್ಟ. ಸ್ವಲ್ಪ ಹೊತ್ತಿನಲ್ಲೇ ಮುಳ್ಳು ಕುಣಿಯಿತು, ಎಂಜಿನ್ ಕೆಮ್ಮಿತು, ನಿಂತಿತು. ಅಗಲವಿದ್ದ ಕಡೆ ಪಕ್ಕಕ್ಕೆ ತಳ್ಳಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ತಣಿಯುವ ಮೊದಲು ಕೆಲಸ ಮುಗಿಸಬೇಕಿತ್ತು.

ಮೊದಲು ಕೀಲಿ ಮಾತ್ರ ತಿರುಗಿಸಿ ಕಿವಿಗೊಟ್ಟೆ. ಎಸ್.ಯು. ಪಂಪು ಕಾರಿನ ಹಿಂಭಾಗದಲ್ಲಿ, ಟ್ಯಾಂಕಿನ ಹತ್ತಿರ ಇರುತ್ತದೆ; ಟಕ್ ಟಕ್ ಎಂದು ಬಡಿಯುತ್ತ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಕಾರ್ಬುರೇಟರಿನ ಬಟ್ಟಲುಗಳು ತುಂಬಿದರೆ ಬಡಿತ ನಿಲ್ಲುತ್ತದೆ, ಖಾಲಿಯಿದ್ದರೆ ಅಥವಾ ಪೈಪಿನಲ್ಲಿ ಆವಿ ಕಟ್ಟಿದ್ದರೆ ಬಿಡದೆ ಬಡಿಯುತ್ತದೆ. ಎರಡು ಸಲ ಬಡಿದು ಸುಮ್ಮನಾಯಿತು. ಬಟ್ಟಲುಗಳು ತುಂಬಿವೆ, ಪೆಟ್ರೋಲಿನ ಕೊರತೆಯಿಲ್ಲ. ಯಾವ ಸಲಕರಣೆಯೂ ಬೇಡದ, ಅರ್ಧ ನಿಮಿಷದ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಮೂರು ಸಲ ಕಾರ್ಬುರೇಟರ್ ಬಿಚ್ಚುವ ಪ್ರಸಂಗ ಬರುತ್ತಿರಲಿಲ್ಲ.

ನಂತರ ಕಾಯಿಲ್‌ನಿಂದ ಬರುವ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನಿಂದ ಕಳಚಿ, ಇಕ್ಕಳದಲ್ಲಿ ಹಿಡಿದು, ಎಂಜಿನ್ನಿನ ಲೋಹದಿಂದ ಐದಾರು ಮಿಲಿಮೀಟರ್ ದೂರವಿಟ್ಟು ಸೆಲ್ಫ್ ಹೊಡೆಸಿದೆ. (ಪೆಟ್ರೋಲ್ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳದೆ ಇದನ್ನು ಮಾಡಲೇಬಾರದು.) ಬೆಳಿಗ್ಗೆ ತಣ್ಣಗಿದ್ದಾಗ ನೀಲಿ ಬಣ್ಣದ, ಚಟ್ ಎನ್ನುವ ದಪ್ಪ ಕಿಡಿ ನೋಡಿದ್ದೆ. ಈಗ ಬಂದದ್ದು ಹಳದಿ ಬಣ್ಣದ ಎಳೆ, ಅದೂ ಮೂರಕ್ಕೊಂದು ಸಲ.

ಕಾಯಿಲ್ ಇರಬಹುದು, ಕಂಡೆನ್ಸರ್ ಇರಬಹುದು. ಬಿಚ್ಚುತ್ತ ಕುಳಿತರೆ ಎಂಜಿನ್ ತಣಿದು ಸಾಕ್ಷಿಯೇ ಮಾಯವಾಗುತ್ತಿತ್ತು. ಆದ್ದರಿಂದ ಏನನ್ನೂ ಬಿಚ್ಚದೆ ಚೀಲದಲ್ಲಿದ್ದ ಅಂಬಾಸಿಡರ್ ಕಂಡೆನ್ಸರನ್ನು ಕ್ಲಿಪ್ಪುಗಳಿಂದ ಹೊರಗಿನಿಂದಲೇ ಜೋಡಿಸಿದೆ: ಒಂದು ತುದಿ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆಗೆ, ಇನ್ನೊಂದು ಬಾಡಿಯ ಲೋಹಕ್ಕೆ. ಒಳಗಿನ ಕಂಡೆನ್ಸರ್ ಕಾವಿಗೆ ಸಂಪರ್ಕ ಕಳೆದುಕೊಳ್ಳುತ್ತಿದ್ದರೆ ಹೊರಗಿನದು ಅದರ ಕೆಲಸ ಮಾಡಬೇಕು. ಸೆಲ್ಫ್ ಒತ್ತಲು ಹೇಳಿದೆ.

ಮೊದಲ ಸುತ್ತಿಗೇ ಎಂಜಿನ್ ಹಿಡಿಯಿತು, ಅದೂ ಸುಡು ಸುಡುವಾಗಲೇ. ಕ್ಲಿಪ್ ತೆಗೆದೆ, ತೊದಲಿತು. ಹಾಕಿದೆ, ಸ್ವರ ಸರಿಯಾಯಿತು. ಮೂರು ಸಲ ಹಾಗೆ ಮಾಡಿದೆ. ಮಾಲೀಕರು ಮಾತಿಲ್ಲದೆ ರಸ್ತೆಯ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಪಾಯಿಂಟುಗಳು ತೆರೆಯುವ ಕ್ಷಣದಲ್ಲಿ ಹರಿಯುತ್ತಿದ್ದ ವಿದ್ಯುತ್ತು ಥಟ್ಟನೆ ನಿಲ್ಲಲು ಒಪ್ಪದೆ ಸಂದಿನಲ್ಲಿ ಹಾರಲು ನೋಡುತ್ತದೆ. ಕಂಡೆನ್ಸರ್ ಅದನ್ನು ಒಂದು ಗಳಿಗೆ ತನ್ನೊಳಗೆ ಎಳೆದುಕೊಳ್ಳುತ್ತದೆ. ಆಗ ಕಾಯಿಲ್‌ನ ಕಾಂತಕ್ಷೇತ್ರ ಫಕ್ಕನೆ ಕುಸಿದು ಪ್ಲಗ್ಗಿಗೆ ಸಾವಿರಾರು ವೋಲ್ಟಿನ ಕಿಡಿ ಸಿಗುತ್ತದೆ. ಕಂಡೆನ್ಸರ್ ಕೈಕೊಟ್ಟರೆ ಶಕ್ತಿಯೆಲ್ಲ ಪಾಯಿಂಟುಗಳ ನಡುವೆ ಸುಟ್ಟುಹೋಗುತ್ತದೆ. ಮನೆಗೆ ಬಂದು ಡಿಸ್ಟ್ರಿಬ್ಯೂಟರ್ ತೆರೆದಾಗ ಪಾಯಿಂಟುಗಳ ಮುಖ ನೀಲಿಗಟ್ಟಿತ್ತು. ಕಂಡೆನ್ಸರ್ ತಣ್ಣಗಿದ್ದಾಗ 0.22 ಮೈಕ್ರೋಫ್ಯಾರಡ್ ತೋರಿಸಿತು, ಇರಬೇಕಾದಷ್ಟೇ. ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡುತ್ತ ಹೋದರೆ ಅಂಕಿ ಅಲುಗಾಡುತ್ತ 0.03ಕ್ಕೆ ಇಳಿಯಿತು. ಮೇಜಿನ ಮೇಲೆ ತಣ್ಣಗೆ ಅಳೆದ ಯಾರಿಗಾದರೂ ಅದು ಒಳ್ಳೆಯ ಕಂಡೆನ್ಸರ್ ಎಂದೇ ಕಾಣುತ್ತಿತ್ತು.

ಅದೇ ದಿನ ಇನ್ನೊಂದು ತಪ್ಪು ಸಿಕ್ಕಿತು. ಹೊಸ ಕಾಯಿಲ್ ಹಾಕಿದವರು ಕೈರೂಢಿಯಂತೆ ಕೀಲಿಯಿಂದ ಬರುವ ಬಿಳಿ ತಂತಿಯನ್ನು ಧನ ಗುರುತಿಗೆ ಕೊಟ್ಟಿದ್ದರು. ಧನ ಅರ್ತ್‌ನ ಕಾರಿನಲ್ಲಿ ಅದು ಋಣ ಗುರುತಿಗೆ ಹೋಗಬೇಕು. ಪ್ಲಗ್ಗಿನ ನಡುವಿನ ಮುಳ್ಳು ಅತಿ ಬಿಸಿಯಾಗಿರುವುದರಿಂದ ಅಲ್ಲಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ಆದ್ದರಿಂದ ಅದು ಋಣವಾಗಿರಬೇಕು. ತಿರುಗಾಮುರುಗಾ ಆದರೂ ಕಾರು ಓಡುತ್ತದೆ, ಆದರೆ ಕಿಡಿಗೆ ಹೆಚ್ಚಿನ ಒತ್ತಡ ಬೇಕಾಗುತ್ತದೆ. ಮೊದಲೇ ಸೊರಗಿದ್ದ ಕಿಡಿಯ ಮೇಲೆ ಇದೊಂದು ಹೊರೆ. ಸರಿಪಡಿಸಿದೆ. ಪಾಯಿಂಟ್ ಬದಲಾಯಿಸಿ ಸಂದು 0.38 ಮಿ.ಮೀ.ಗೆ ಇಟ್ಟು, ಪದೇ ಪದೇ ಬಿಚ್ಚಿ ಶ್ರುತಿ ತಪ್ಪಿದ್ದ ಎರಡು ಕಾರ್ಬುರೇಟರುಗಳನ್ನು ಸಮಗೊಳಿಸಿ ಕಳುಹಿಸಿದೆ. ಗುಣವಾಯಿತು ಎಂದೂ ಹೇಳಿದೆ.

ಎರಡನೆಯ ನಿಲುಗಡೆ

ಆ ಮಾತನ್ನು ಹೇಳಿದ್ದು ನನ್ನ ತಪ್ಪು. ಒಂದು ದೋಷ ಅಷ್ಟು ಸ್ಪಷ್ಟವಾಗಿ ಸಿಕ್ಕಿದ್ದರಿಂದ ಹುಡುಕುವುದನ್ನೇ ನಿಲ್ಲಿಸಿದ್ದೆ.

ಜೂನ್ ಮೊದಲ ಮಳೆಯ ಒಂದು ಸಂಜೆ ಮಾಲೀಕರು ಕರೆ ಮಾಡಿದರು. ಘಟ್ಟವನ್ನು ಕಾರು ಚೆನ್ನಾಗಿಯೇ ಹತ್ತಿತ್ತು. ಹೆಡ್‌ಲೈಟ್, ವೈಪರ್ ಎರಡೂ ಹಾಕಿಕೊಂಡು ಬಂಡಲದವರೆಗೆ ಬಂದು ಚಹಾಕ್ಕೆಂದು ನಿಲ್ಲಿಸಿದ್ದರು. ಮತ್ತೆ ಸೆಲ್ಫ್ ಒತ್ತಿದರೆ ಟಕ್ ಎಂಬ ಒಂದೇ ಸದ್ದು. ಲೈಟು ಎಣ್ಣೆದೀಪದಂತೆ ಮಂಕಾಗಿತ್ತು. ನಾಲ್ಕೈದು ಸಲ ಒತ್ತಿದ ಮೇಲೆ ಸ್ಟಾರ್ಟ್ ಆಗಲು ಪೆಟ್ರೋಲ್ ಹೆಚ್ಚಿಸುವ ಚೋಕ್‌ನ ಹಿಡಿಯನ್ನು ಎಳೆಯಲು ಹೋದವರು ಕೈ ಸುಟ್ಟುಕೊಂಡರು. “ಚೋಕ್ ಗುಬ್ಬಿ ಯಾಕೆ ಬಿಸಿಯಾಗಬೇಕು?” ಎಂದು ಕೇಳಿದರು. ಆ ಪ್ರಶ್ನೆಯಲ್ಲೇ ಉತ್ತರವಿತ್ತು. ಬ್ಯಾಟರಿ ತಂತಿ ತಕ್ಷಣ ಕಳಚಿಡಿ, ಮತ್ತೆ ಒತ್ತಬೇಡಿ ಎಂದೆ.

ಎಂಜಿನ್ ರಬ್ಬರ್ ಮೆತ್ತೆಗಳ ಮೇಲೆ ಕುಳಿತಿರುತ್ತದೆ. ಸೆಲ್ಫ್ ಮೋಟಾರಿನ ಭಾರೀ ವಿದ್ಯುತ್ತು ಎಂಜಿನ್ನಿನಿಂದ ಬಾಡಿಗೆ, ಅಲ್ಲಿಂದ ಬ್ಯಾಟರಿಗೆ ಮರಳಲು ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಸೋತರೆ ವಿದ್ಯುತ್ತು ಸಿಕ್ಕಿದ ಲೋಹ ಹಿಡಿದು ಮರಳುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಅಂಥ ಲೋಹಗಳಲ್ಲಿ ಒಂದು ಚೋಕ್ ಕೇಬಲ್. ಅಷ್ಟು ವಿದ್ಯುತ್ತನ್ನು ಹೊರಲಾರದೆ ಅದು ಬಿಸಿಯಾಗುತ್ತದೆ.

ಮರುದಿನ ಅಳೆದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ಲೋಹಕ್ಕೂ ಬ್ಯಾಟರಿಯ ಅರ್ತ್ ತುದಿಗೂ ನಡುವೆ 1.9 ವೋಲ್ಟ್. ಒಳ್ಳೆಯ ಅರ್ತ್ ಇದ್ದರೆ ಅದು ಕಾಲು ವೋಲ್ಟನ್ನೂ ಮೀರಬಾರದು. ಕಾರಿನ ಕೆಳಗೆ ಮಲಗಿ ನೋಡಿದರೆ ಪಟ್ಟಿ ಹೊರಗಿನಿಂದ ಗಟ್ಟಿಯಾಗಿಯೇ ಕಂಡಿತು. ಕೈಯಲ್ಲಿ ಬಗ್ಗಿಸಿದಾಗ ಒಳಗಿನ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ಕಾರವಾರದ ಉಪ್ಪು ಗಾಳಿ ವರ್ಷಗಟ್ಟಲೆ ಒಳಗಿನಿಂದ ತಿಂದಿತ್ತು. ಎಂಜಿನ್ ಕಟ್ಟಿದವರು ಅದೇ ಪಟ್ಟಿಗೆ ಬಣ್ಣ ಹೊಡೆದು ಮತ್ತೆ ಬಿಗಿದಿದ್ದರು, ಬೋಲ್ಟಿನ ಕೆಳಗೂ ಬಣ್ಣ ಸೇರಿತ್ತು.

ಆಗ ಹಿಂದಿನದ್ದೆಲ್ಲ ಒಂದಕ್ಕೊಂದು ಕೂಡಿಬಂತು. ಡೈನಮೋ ಬಿಗಿದಿರುವುದೂ ಎಂಜಿನ್ನಿಗೇ, ಅದರ ವಿದ್ಯುತ್ತೂ ಇದೇ ಪಟ್ಟಿಯ ಮೂಲಕ ಮರಳಬೇಕು. ಹಾಗಾಗಿ ಬ್ಯಾಟರಿ ಎಂದೂ ಪೂರ್ತಿ ತುಂಬುತ್ತಿರಲಿಲ್ಲ. ಪಾಯಿಂಟುಗಳ ಅರ್ತ್ ಕೂಡ ಎಂಜಿನ್ನೇ. ಕಾಯಿಲ್‌ಗೆ ಸಿಗುವ ವೋಲ್ಟೇಜ್ ಅಲ್ಲಿಯೂ ಸೋರುತ್ತಿತ್ತು. ನನ್ನ ಮನಸ್ಸನ್ನು ಹೆಚ್ಚು ಚುಚ್ಚಿದ್ದು ಮಾಲೀಕರ ಹಳೆಯ ಬಿಲ್ಲುಗಳಲ್ಲಿದ್ದ ಒಂದು ಸಾಲು: “ಚೋಕ್ ಕೇಬಲ್ ಜಾಮ್, ಹೊಸದು ಹಾಕಲಾಗಿದೆ.” ನಾನು ಅದನ್ನು ಮೊದಲ ದಿನವೇ ಓದಿದ್ದೆ, ಓದಿ ಮುಂದೆ ಹೋಗಿದ್ದೆ. ಆ ಕೇಬಲ್ ಜಾಮ್ ಆದದ್ದು ತುಕ್ಕಿನಿಂದಲ್ಲ, ಕಾದು ಒಳತಂತಿ ಹೊರ ಸುರುಳಿಗೆ ಬೆಸೆದುಕೊಂಡು.

ಘಟ್ಟದಲ್ಲಿ ನಾನು ಹೊರಗಿನ ಕಂಡೆನ್ಸರಿನ ಇನ್ನೊಂದು ತುದಿಯನ್ನು ಬಾಡಿಗೆ ಬದಲು ಎಂಜಿನ್ನಿಗೆ ಕೊಟ್ಟು, ಎರಡರ ನಡುವೆ ಒಮ್ಮೆ ವೋಲ್ಟೇಜ್ ಅಳೆದಿದ್ದರೆ ಸಾಕಿತ್ತು. ಮಲ್ಟಿಮೀಟರ್ ಚೀಲದಲ್ಲೇ ಇತ್ತು.

ಹೊಸ ಪಟ್ಟಿ ಹಾಕಿದೆವು, ಎರಡೂ ಕಡೆ ಲೋಹ ಹೊಳೆಯುವವರೆಗೆ ಬಣ್ಣ ಕೆರೆದು, ಬಿಗಿದ ಮೇಲೆ ಗ್ರೀಸ್ ಬಳಿದು. ತಂತಿಜಾಲದಲ್ಲಿ ಗುಂಡುತುದಿಯ ಜೋಡಣೆಗಳು ಎಲ್ಲೆಲ್ಲಿವೆಯೋ ಅವನ್ನೆಲ್ಲ ಒಂದೊಂದಾಗಿ ಬಿಡಿಸಿ ಉಜ್ಜಿದೆವು. ಆ ಕೆಲಸಕ್ಕೆ ಎರಡು ದಿನ ಹಿಡಿಯಿತು, ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಪಟ್ಟಿಯಾದ ಮೇಲೆ ಅದೇ ಅಳತೆ 0.2 ವೋಲ್ಟ್.

ಈ ಸಲ ಗುಣವಾಯಿತು ಎಂದು ನಾನು ಹೇಳಲಿಲ್ಲ. ನಾಲ್ಕು ಪ್ರಯಾಣ ಮಾಡಿ ಬನ್ನಿ ಎಂದೆ: ಎರಡು ಮಧ್ಯಾಹ್ನ, ಎರಡು ರಾತ್ರಿ ಮಳೆಯಲ್ಲಿ ಲೈಟು ವೈಪರ್ ಸಮೇತ. ಪ್ರತಿ ಸಲ ಘಟ್ಟದ ಮೇಲೆ ನಿಲ್ಲಿಸಿ, ಬಿಸಿಯಿರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ, ಚೋಕ್ ಗುಬ್ಬಿ ಮುಟ್ಟಿ ನೋಡಿ ಬರೆದಿಡಿ. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಅವರು ನಾಲ್ಕನ್ನೂ ಬರೆದು ತಂದರು. ನಾಲ್ಕು ಸಲವೂ ಮೊದಲ ಒತ್ತಿಗೇ ಹಿಡಿದಿತ್ತು, ಗುಬ್ಬಿ ತಣ್ಣಗಿತ್ತು.

ಕಿಟ್ ಅವರ ಮನೆಯಲ್ಲಿ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಕಾರಿನ ಕೈಪೆಟ್ಟಿಗೆಯಲ್ಲಿ ಈಗ ಕ್ಲಿಪ್ ಹಾಕಿದ ಒಂದು ಕಂಡೆನ್ಸರ್ ಮತ್ತು ನಾನು ಬರೆದುಕೊಟ್ಟ ಅಳತೆಗಳ ಚೀಟಿ ಇರುತ್ತವೆ. ಚೀಟಿಯ ಕೊನೆಯ ಸಾಲು ಅರ್ತ್ ಪಟ್ಟಿಯದ್ದು: 0.2 ವೋಲ್ಟ್, ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯುವುದು.